ಪಂಪಿನ ಅಡಿಯ ಕಪ್ಪೆ

ದಿಗ್ಗೇವಾಡಿ, ಶ್ರಾವಣ, ೧೯೯೪

ಸತ್ತೆಪ್ಪಣ್ಣಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಬದುಕಿದ್ದಾಗ ಒಂದು ಚೀಟಿಯನ್ನೂ ಬರೆಯದವಳು ಈಗ ಬರೆಯುತ್ತಿದ್ದೇನೆ, ನಗಬೇಡ.

ಇವತ್ತು ಬೆಳಿಗ್ಗೆ ಹಿತ್ತಲಿನ ಚವಳಿ ಗಿಡಗಳಲ್ಲಿ ಹಸಿರು ಹುಳು ಕಂಡವು. ಸಾಲಿನ ನಡುವೆ ನಾನು ನೆಟ್ಟ ಕೋಲಿನ ಮೇಲೆ ಕಾಜಾಣವೊಂದು ಬಂದು ಕೂತು, ಒಂದೊಂದನ್ನೇ ಹೆಕ್ಕಿ ತಿಂದಿತು.

ಹುಳುವಿಗೆ ಔಷಧ ಹೊಡೆಸುವುದನ್ನು ಬಿಟ್ಟಿದ್ದು ನನಗೆ ಬುದ್ಧಿ ಬಂದು ಅಲ್ಲ. ನಿನ್ನ ನಂತರ ಹೊಡೆಯುವವರು ಸಿಗಲಿಲ್ಲ, ಅಷ್ಟೆ. ಮೊದಲ ವರ್ಷ ಎಲ್ಲವನ್ನೂ ಹುಳುಗಳೇ ತಿಂದವು. ಆಮೇಲೆ ಹಕ್ಕಿ ಬಂದವು, ಕಪ್ಪೆ ಬಂದವು.

ನಮ್ಮದು ಜೈನರ ಮನೆ, ಹುಳು ಕೊಲ್ಲುವಂತಿಲ್ಲ. ಅದಕ್ಕೇ ಅತ್ತೆ, "ನಾವು ಮುಟ್ಟೂದು ಬ್ಯಾಡ, ಸತ್ತೆಪ್ಪನ್ನ ಕರೀರಿ," ಅನ್ನುತ್ತಿದ್ದರು. ನೀನು ಬಾಯಿಗೆ ಟಾವೆಲ್ಲು ಕಟ್ಟಿಕೊಂಡು, "ಪಾಪ ನನಗ ಹತ್ಲಿ ಬಿಡ್ರಿ ವೈನಿ, ನಿಮ್ಮ ಚವಳಿಕಾಯಿ ಉಳೀಲಿ," ಎಂದು ನಗುತ್ತಿದ್ದೆ. ಕೊನೆಯ ವರ್ಷ ನಕ್ಕಾಗಲೆಲ್ಲ ಕೆಮ್ಮು ಬರುತ್ತಿತ್ತು. ನಾನು ಬಿಸಿ ಚಹಾ ಕೊಟ್ಟು, ಇನ್ನೆರಡು ಸಾಲು ಉಳಿದಿವೆ ಎಂದೆ.

ಮಧ್ಯಾಹ್ನ ಕೊಟ್ಟಿಗೆಯಲ್ಲಿ ನೀನು ಔಷಧ ಹೊಡೆಯುತ್ತಿದ್ದ ಪಂಪನ್ನು ಎತ್ತಿದೆ. ಅಡಿಯಲ್ಲಿ ದಪ್ಪ ಕಪ್ಪೆಯೊಂದು ತಂಪಾಗಿ ಕೂತಿತ್ತು. ಅದನ್ನು ಏಳಿಸಬಾರದೆಂದು ಪಂಪನ್ನು ಮೆಲ್ಲಗೆ ಅಲ್ಲೇ ಇಟ್ಟೆ. ಇಡುವಾಗ ಬೆನ್ನಿಗೆ ಕಟ್ಟಿಕೊಳ್ಳುವ ಪಟ್ಟಿ ಕಣ್ಣಿಗೆ ಬಿತ್ತು. ನೀನು ಹಾಕಿದ ಗಂಟು ಹಾಗೇ ಇದೆ, ನಿನ್ನ ಹೆಗಲಿನ ಅಳತೆಗೆ. ಈ ಪಂಪು ಮನೆಗೆ ಬಂದ ಹದಿನಾಲ್ಕು ವರ್ಷದಲ್ಲಿ ನಮ್ಮ ಮನೆಯ ಯಾರೂ ಅದನ್ನು ಬಿಚ್ಚಿ ತಮ್ಮ ಅಳತೆಗೆ ಕಟ್ಟಿಕೊಂಡಿರಲಿಲ್ಲ.

ಸುಗಂಧಾ ವೈನಿ