ಎರಡೂ ಸ್ಕ್ರೀನ್ ಇಲ್ಲೇ ಇರ್ತಾವ

ಏನ್ರಿ,

ಅಚ್ಚಾದ ಲಗ್ನಪತ್ರಿಕಾ ಗಿರಾಕಿಗೆ ಕೊಡಾಕ ಚಡಚಣಕ್ಕ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವ, ಪಲ್ಯಾ ಒಲಿ ಮ್ಯಾಲ ಐತಿ.

ಕಂಪ್ಯೂಟರ್ ಕೆಟ್ಟಿಲ್ಲ. ನಾ ವಿಂಡೋಸ್ ತಗದು ಲಿನಕ್ಸ್ ಹಾಕಿದ್ದಕ್ಕ ಹಿಂಗ ಆತು ಅಂತ ಓಣಿ ತುಂಬ ಹೇಳ್ಕೋತ ತಿರಗಬ್ಯಾಡ್ರಿ. ನಿನ್ನೆ ದಸರಾದ ಖಂಡೆ ಪೂಜಿಗೆ ಎರಡೂ ಸ್ಕ್ರೀನ್ ಇಳಿಸಿ, ಆಮ್ಯಾಲ ಎಡಗಡೀದು ಬಲಕ್ಕ, ಬಲಗಡೀದು ಎಡಕ್ಕ ಇಟ್ಟವ್ರು ನೀವು. ಅದಕ್ಕ ಮೌಸಿನ ಬಾಣ ನಡುವ ಒಂದರಿಂದ ಇನ್ನೊಂದಕ್ಕ ದಾಟವಲ್ದು.

ಸೆಟ್ಟಿಂಗ್ಸ್‌ನಾಗ ಡಿಸ್‌ಪ್ಲೇ ತಗೀರಿ. ಎರಡ ಚೌಕ ಕಾಣ್ತಾವ. ಎಡಕ್ಕಿದ್ದದ್ದನ್ನ ಹಿಡದು ಬಲಕ್ಕ ಎಳೀರಿ. ಅಪ್ಲೈ ಒತ್ತಿದ ಮ್ಯಾಲ ಹಿಂಗ ಇರ್ಲೇನು ಅಂತ ಕೇಳತೈತಿ, ಹೂಂ ಅನ್ರಿ. ಸುಮ್ಮ ಕುಂತ್ರ ಮತ್ತ ಮೊದಲಿನಂಗ ಆಗತೈತಿ.

ನಾನ ಮಾಡಬಹುದಿತ್ತು. ಕೆಟ್ಟಿಲ್ಲಂತ ನಿಮ್ಮ ಕಣ್ಣಿಗೇ ಕಾಣ್ಲಿ ಅಂತ ಬೇಕಂತಲೇ ಬಿಟ್ಟೇನಿ.

ಸ್ಕ್ರೀನಿಗೆ ಹಚ್ಚಿದ ಇಬತ್ತಿ ಒಣ ಅರಬೀಲೆ ಒರಸ್ರಿ. ನೀರ ಮುಟ್ಟಸಬ್ಯಾಡ್ರಿ.

ಒಬ್ಬಾಕಿಗೆ ಎರಡ ಯಾಕ, ಒಂದು ನಿನ್ನ ಅಂಗಡಿ ಸಿಸಿಟಿವಿ ಕ್ಯಾಮೆರಾಕ್ಕ ಒಯ್ಯಿ ಅಂತ ನೀವು ನಿಮ್ಮ ತಮ್ಮ ಸಿದ್ದಲಿಂಗಗ ಫೋನಿನ್ಯಾಗ ಹೇಳಿದ್ದು ನನ್ನ ಕಿವಿಗೆ ಬಿದ್ದೈತಿ. ಒಂದರಾಗ ಲಗ್ನದ ಮನಿಯವ್ರು ಬರದು ಕಳಿಸಿದ ಹೆಸರು ನೋಡ್ಕೋತ ಇನ್ನೊಂದರಾಗ ಪತ್ರಿಕಾ ಜೋಡಿಸ್ತೇನಿ. ಒಬ್ಬ ಸೋದರಮಾವನ ಹೆಸರ ಬಿಟ್ರೂ ಹಂದರದಾಗ ಜಗಳ ಹತ್ತತೈತಿ. ಬೈಸಿಕೊಳ್ಳಾಕಿ ನಾನು, ನೀವಲ್ಲ.

ಸಂಜಿಗೆ ನಿಮ್ಮ ತಮ್ಮ ಸಿಂದಗಿಯಿಂದ ಬಂದ್ರ ಚಾ ಕುಡಿಸಿ ಬರಿಗೈಲೆ ಕಳಸ್ರಿ. ಸ್ಕ್ರೀನ್ ಕೊಟ್ಟ ಕಳಸೂದ ಆದ್ರ, ಅಂಗಡ್ಯಾಗ ಒಂದ ಹಾಸಿಗೀನೂ ಹಾಸಿ ಇಡಾಕ ಹೇಳ್ರಿ. ಅದು ಎಲ್ಲಿರತೈತೋ ನಾನೂ ಅಲ್ಲೇ ಇರ್ತೇನಿ.

ಜಯಮಾಲಾ