ಸೋಮವಾರದ ಮೈದಾನ

ಅಲಬಾಮಾ, ಏಪ್ರಿಲ್ 1962

ಒಡೆಸ್ಸಾ ಅಮ್ಮನವರಿಗೆ,

ನಿಮ್ಮ ಲೂಷಿಯಸ್ ಕಾಲೇಜು ಬಿಟ್ಟು ಮನೆಗೆ ಬಂದದ್ದೇಕೆಂದು ಅವನು ಹೇಳಿರಲಾರ. ಅವನ ಗಾಲ್ಫ್ ಕೋಚ್ ಆದ ನಾನೇ ಹೇಳುತ್ತೇನೆ, ತಪ್ಪು ನನ್ನದು.

ಬಿಳಿಯರ ಕ್ಲಬ್ಬು ಕರಿಯರಾದ ನಮಗೆ ಮೈದಾನ ಬಿಡುವುದು ಸೋಮವಾರ ಮಾತ್ರ. ಆ ಒಂದು ದಿನವನ್ನು ಬೇಡಿಕೊಂಡೇ ನಾನು ಕಾಲೇಜಿನ ಗಾಲ್ಫ್ ತಂಡ ಕಟ್ಟಿದೆ, ಮೂರು ವರ್ಷ ಗೆಲ್ಲಿಸಿದೆ. ಹೋದ ಸೋಮವಾರ ನಿಮ್ಮ ಮಗ ಆಡುತ್ತಿದ್ದಾಗ ಕ್ಲಬ್ಬಿನ ಅಧ್ಯಕ್ಷ ಬಂದ. "ಲೋ ಹುಡುಗಾ, ನಿನ್ನ ಆಟ ಸಾಕು. ನನ್ನ ಗಾಲ್ಫ್ ಕೋಲುಗಳ ಚೀಲ ಹೊರು ಬಾ."

"ನಾನು ಆಟಗಾರ ಅಂತ ಹೇಳಿ ಸಾರ್," ಅಂದ ಲೂಷಿಯಸ್ ನನಗೆ.

"ಹೊರು ಮಗಾ, ಇರೋ ಒಂದು ಸೋಮವಾರನೂ ಕಳಕೋಬೇಕಾ?" ಅಂದೆ.

ಕೊನೆಯ, ಹದಿನೆಂಟನೇ ಕುಳಿಯವರೆಗೂ ಹೊತ್ತ. ಅಧ್ಯಕ್ಷ ನನ್ನ ಬೆನ್ನು ತಟ್ಟಿ, "ಚೆನ್ನಾಗಿ ಪಳಗಿಸಿದ್ದೀಯ ಕಣೋ" ಅಂದ. "ನಿಮ್ಮ ದಯೆ ಸ್ವಾಮಿ" ಅಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳ! ಲೂಷಿಯಸ್ ಅದನ್ನೂ ಕೇಳಿಸಿಕೊಂಡ.

ನಿಮ್ಮ ಮೈದಾನ ನೀವೇ ಇಟ್ಟುಕೊಳ್ಳಿ ಎಂದು ಇಂದು ಕ್ಲಬ್ಬಿಗೆ ಬರೆದು ಹಾಕಿದೆ. ನಾಳೆಯಿಂದ ಹಾಳುಬಿದ್ದ ಹೊಲದಲ್ಲಿ ಅಭ್ಯಾಸ; ತಂಡ ಸೋತರೆ ಸೋಲಲಿ.

ಲೂಷಿಯಸ್‌ನ ಸೀಟು ಶುಕ್ರವಾರದವರೆಗೆ ಉಳಿಸಿದ್ದೇನೆ. ಬಸ್ ಟಿಕೆಟು ಇದರೊಳಗಿದೆ. ಓದು ಮುಗಿಸಲು ಹೇಳಿ. ಆಡಲೇಬೇಕೆಂದಿಲ್ಲ, ನನ್ನ ಜೊತೆ ಮಾತಾಡಲೇಬೇಕೆಂದೂ ಇಲ್ಲ.

ವಾಲ್ಡೋ ಗ್ರೈಮ್ಸ್