ಟಯರಿನಡಿ ನಿಂಬೆಹಣ್ಣಿಲ್ಲದ ಪೂಜೆ

ಗದಿಗ್ಯಾ,

ಸಮಸ್ತ ವಾಹನ ಕುಲಕ್ಕೆ ಸಂಬಂಧಿಸಿದ ಮಹಾ ಸುದ್ದಿಯೊಂದನ್ನು ಈ ಮೂಲಕ ಘೋಷಿಸುತ್ತಿದ್ದೇನೆ: ಜಪಾನಿನಲ್ಲೂ ಕಾರಿಗೆ ಪೂಜೆ ಮಾಡುತ್ತಾರೆ! ಈ ಪತ್ರ ಅಂಚೆಗೆ ಬೀಳುವುದಿಲ್ಲ. ಆದ್ದರಿಂದ ಧಾರಾಳವಾಗಿ ಬರೆಯುತ್ತೇನೆ.

ನಾನೂ ವಾಣಿಶ್ರೀಯೂ ಮೊನ್ನೆಯಷ್ಟೇ ಕ್ಯೋಟೋದಿಂದ ಇಲ್ಲಿ ನಮ್ಮೂರು ಗ್ಲೆಂಡೇಲ್ ಹೈಟ್ಸಿಗೆ ಮರಳಿದೆವು. ನಿನ್ನ ಮತ್ತು ನಿನ್ನ ಹೆಂಡತಿಯ ಜೊತೆ ಹೋಗಬೇಕೆಂದಿದ್ದ ಪ್ರವಾಸವೇ ಅದು. ಅಲ್ಲೊಂದು ಪುರಾತನ ಶಿಂತೋ ದೇಗುಲ. ಹೆಬ್ಬಾಗಿಲ ಬಳಿ ನೀರಿಟ್ಟಿದ್ದರು. ನಾನು ತೀರ್ಥವೆಂದು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡೆ.

"ರೀ, ಅದು ಬಾಯಿ ಮುಕ್ಕಳಿಸೋಕೆ ಕಣ್ರೀ!" ಎಂದು ವಾಣಿ ಹಣೆ ಚಚ್ಚಿಕೊಂಡಳು.

ಅಂಗಳದಲ್ಲಿ ಹೊಸ ಕಾರೊಂದು ನಿಂತಿತ್ತು. ಬಿಳಿ ಉಡುಪಿನ ಅರ್ಚಕರು ಕಾಗದದ ಕುಚ್ಚು ಕಟ್ಟಿದ ಕೋಲನ್ನು ಅದರ ಮುಂದೆ ಬೀಸಿದರು. ಪೂಜೆ ಮುಗಿಯಿತು!

"ಗದಿಗೆಪ್ಪಣ್ಣ ಇದ್ದಿದ್ರೆ ಟಯರ್ ಕೆಳಗೆ ನಿಂಬೆಹಣ್ಣು ಇಟ್ಟೇ ಬರೋರು," ಎಂದಳು ವಾಣಿ.

ಇಲ್ಲಿನ ಕನ್ನಡಿಗರ ಹೊಸ ಕಾರುಗಳಿಗೆಲ್ಲ ಡ್ರೈವ್‌ವೇಯಲ್ಲಿ ಪೂಜೆ ಮಾಡುತ್ತಿದ್ದವನು ನೀನೇ ತಾನೆ? ಕನ್ನಡ ಕೂಟದ ಚುನಾವಣೆಯ ಜಗಳದಲ್ಲಿ ನಮ್ಮ ಮಾತು ನಿಂತು, ನೀನು ಡೆಟ್ರಾಯಿಟ್ ಸೇರಿದ ಮೇಲೆ ನಾನು ಕೊಂಡ ಕಾರಿಗೆ ಇನ್ನೂ ಪೂಜೆಯಾಗಿಲ್ಲ.

ದೇಗುಲದಲ್ಲಿ ಪ್ರಯಾಣದ ತಾಯಿತ ಕೊಡುತ್ತಾರೆ. ಎರಡನ್ನು ಕೊಂಡುತಂದೆ. ಒಂದು ನನ್ನ ಕಾರಿನಲ್ಲಿದೆ. ನಿನ್ನದು ನನ್ನ ಮೇಜಿನ ಮೇಲಿದೆ. ವರ್ಷ ತುಂಬಿದ ಮೇಲೆ ಅದನ್ನು ದೇಗುಲಕ್ಕೇ ಹಿಂದಿರುಗಿಸುವುದು ಅಲ್ಲಿನ ಪದ್ಧತಿಯಂತೆ. ಅದಕ್ಕೆ ಇಬ್ಬರೂ ಹೋಗಬೇಕಾಗುತ್ತದೆ.

ನಿನ್ನ ಪಾಸ್‌ಪೋರ್ಟಿನ ಅವಧಿ ಎಲ್ಲಿಯವರೆಗಿದೆ, ಒಮ್ಮೆ ತೆಗೆದು ನೋಡಿಡು.